ಹಲವಾಗಲಿನ ಅಜ್ಜಿ ಮತ್ತು ಸ್ಪೇನಿನ ರಾಣಿ

ಮೊನ್ನೆ ಮಗಳು ಮೊಬೈಲಿನಲ್ಲಿ ಒಂದು ಹಳೆಯ ಚಿತ್ರ ತೋರಿಸಿ ನಕ್ಕಳು. ಬಿಳಿಚಿಕೊಂಡ ಉದ್ದ ಮುಖದ, ಗದ್ದ ಮುಂದಕ್ಕೆ ಚಾಚಿದ ಒಬ್ಬ ರಾಜ. ನನಗೆ ಹೆಸರು ಓದಬೇಕಾಗಿರಲಿಲ್ಲ. ಸ್ಪೇನಿನ ಎರಡನೆಯ ಚಾರ್ಲ್ಸ್, ಹ್ಯಾಬ್ಸ್‌ಬರ್ಗ್ ವಂಶದವನು. ನಂಬಿದರೆ ನಂಬಿ, ನನ್ನದೊಂದು ಮದುವೆ ತಪ್ಪಿದ್ದು ಈ ಪುಣ್ಯಾತ್ಮನ ಮನೆತನದಿಂದ.

ತೊಂಬತ್ತರ ದಶಕದ ಮಾತು. ನಾನು ಕೊಟ್ಟೂರಿನಲ್ಲಿ ಬಿ.ಎ. ಓದುತ್ತಿದ್ದೆ. ನಮ್ಮ ಇತಿಹಾಸದ ಮೇಡಂ ಯುರೋಪಿನ ಅರಮನೆಗಳನ್ನು ನೆಂಟರ ಮನೆಯ ಸುದ್ದಿಯಂತೆ ಹೇಳುತ್ತಿದ್ದರು. ಹ್ಯಾಬ್ಸ್‌ಬರ್ಗಿನವರು ಕತ್ತಿಗಿಂತ ಮದುವೆಯನ್ನೇ ನಂಬಿ ಆಸ್ಟ್ರಿಯದಿಂದ ಸ್ಪೇನಿನವರೆಗೆ ರಾಜ್ಯ ಕೂಡಿಸಿದರು. ಕೂಡಿಸಿದ್ದು ಹೊರಗೆ ಹೋಗಬಾರದೆಂದು ಆಮೇಲೆ ತಮ್ಮತಮ್ಮಲ್ಲೇ ಹೆಣ್ಣು ಕೊಟ್ಟು ತಂದರು. ನಾಲ್ಕನೆಯ ಫಿಲಿಪ್ ಸ್ವಂತ ತಂಗಿಯ ಮಗಳನ್ನೇ ಮದುವೆಯಾದ. ತರಗತಿಯಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ. ನಮ್ಮ ಕಡೆ ಸೋದರಮಾವನೆಂದರೆ ಅರ್ಧ ಗಂಡನೇ.

ನನಗೂ ಒಬ್ಬ ಮಾಮನಿದ್ದ, ಅವ್ವನ ತಮ್ಮ. ಹಗರಿಬೊಮ್ಮನಹಳ್ಳಿಯಲ್ಲಿ ಮೋಟಾರು ರಿಪೇರಿ ಅಂಗಡಿ ಇಟ್ಟಿದ್ದ. ಒಳ್ಳೆಯವನು, ಚಿಕ್ಕಂದಿನಲ್ಲಿ ನನ್ನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಊರೆಲ್ಲ ತಿರುಗಿಸಿದವನು. ನಾನು ಹುಟ್ಟಿದ ದಿನವೇ ಅವ್ವನ ತಾಯಿ, ಹಲವಾಗಲಿನ ಅಜ್ಜಿ, ನನ್ನನ್ನು ಅವನಿಗೆಂದು ಗೊತ್ತುಮಾಡಿದ್ದಳು. ಆ ಬೇಸಿಗೆ ಮಾತು ಪಕ್ಕಾ ಮಾಡಲು ಎಲ್ಲರೂ ಅವಳ ಮನೆಯಲ್ಲಿ ಸೇರಿದರು.

ನಾನು ಪಡಸಾಲೆಯಲ್ಲಿ ಎದ್ದು ನಿಂತು ಒಲ್ಲೆ ಎಂದೆ. ಯಾಕೆ ಎಂದು ಕೇಳಿದ್ದೇ ತಡ, ಪರೀಕ್ಷೆಯ ಉತ್ತರದಂತೆ ಪೀಠಿಕೆ, ಕಾರಣ, ಪರಿಣಾಮ ಎಲ್ಲವನ್ನೂ ಒಪ್ಪಿಸಿದೆ. ಆ ಫಿಲಿಪ್ ರಾಜನಿಗೂ ಅವನ ರಾಣಿಯಾದ ತಂಗಿಯ ಮಗಳಿಗೂ ಹುಟ್ಟಿದ ಚಾರ್ಲ್ಸ್‌ಗೆ ಅನ್ನ ಅಗಿಯುವುದೇ ಕಷ್ಟವಿತ್ತು, ಎರಡು ಮದುವೆಯಾದರೂ ಮಕ್ಕಳಾಗಲಿಲ್ಲ, ಅವನೊಂದಿಗೆ ಸ್ಪೇನಿನ ಕವಲೇ ಮುಗಿದು ಸಿಂಹಾಸನಕ್ಕಾಗಿ ಯುದ್ಧವಾಯಿತು ಎಂದೆ. ಸ್ಪೇನಿನಲ್ಲಿ ಅನ್ನ ಉಣ್ಣುತ್ತಾರೋ ಇಲ್ಲವೋ ಎಂದು ಯೋಚಿಸುವಷ್ಟು ವ್ಯವಧಾನ ಎಲ್ಲಿತ್ತು?

"ನಮ್ಮನ್ಯಾಗ ಯಾವ ಸಿಂಹಾಸನ ಐತಿ, ತಾಯಿ?" ಎಂದ ಅಪ್ಪ. ಎಲ್ಲರೂ ನಕ್ಕರು. ಅಜ್ಜಿ ನಗಲಿಲ್ಲ.

"ಆ ರಾಣಿಗೆ ಅವನೊಬ್ಬನ ಏನು ಮಗ?" ಎಂದು ಕೇಳಿದಳು.

"ಇಲ್ಲಜ್ಜಿ, ಇನ್ನೂ ಹುಟ್ಟಿದ್ವು. ಒಬ್ಬಾಕಿ ಮಗಳು ಉಳದ್ಲು. ಬ್ಯಾರೆವು ಸಣ್ಣವಿದ್ದಾಗ್ಲೇ ಹೋದ್ವು."

ಅಜ್ಜಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಳು. ತೀರಿಹೋದ ಅಜ್ಜನೂ ಅವಳ ಸೋದರಮಾವನೇ. ಅವ್ವ ಹುಟ್ಟಿದ ಮೇಲೆ, ಮಾಮ ಹುಟ್ಟುವ ಮೊದಲು ಅವಳು ಹೆತ್ತ ಕೂಸುಗಳು ಒಂದೂ ಉಳಿದಿರಲಿಲ್ಲ. ಮನೆಯಲ್ಲಿ ಯಾರೂ ಅವುಗಳ ಮಾತು ಎತ್ತುತ್ತಿರಲಿಲ್ಲ.

"ನನ್ನ ಹಣೇಬರಾನ ಹಂಗ ಅಂತ ತಿಳಕಂಡಿದ್ದೆ," ಎಂದಳು. "ಅರಮನ್ಯಾಗಿದ್ದಾಕಿಗೂ ಹಂಗ ಆತಾ?"

ಆ ರಾಣಿ ಅತ್ತಿರಬಹುದೆಂದು ನನಗೆ ಅದುವರೆಗೆ ಹೊಳೆದೇ ಇರಲಿಲ್ಲ.

ಮಾಮನೇ ಮೊದಲು ಮಾತಾಡಿದ. "ಅವ್ವಾ, ಈಕಿ ಓದ್ಲಿ ಬಿಡು. ನಾ ಬ್ಯಾರೆ ಕಡಿ ಹೆಣ್ಣು ನೋಡ್ತೀನಿ."

"ನೋಡಪ್ಪ. ದೂರದ್ದ ನೋಡು," ಎಂದಳು ಅಜ್ಜಿ.

ಅವನು ಹಡಗಲಿಯಿಂದ, ನಂಟಸ್ತಿಕೆಯಿಲ್ಲದ ಮನೆಯ ಹೆಣ್ಣನ್ನು ತಂದ. ನಾನು ಓದಿ ಹರಪನಹಳ್ಳಿಯಲ್ಲಿ ಇತಿಹಾಸ ಕಲಿಸತೊಡಗಿದೆ. ಇಷ್ಟು ವರ್ಷವೂ ಈ ಪಾಠವನ್ನು ಒಪ್ಪಂದ, ಯುದ್ಧ, ವಂಶವೃಕ್ಷ ಎಂದೇ ಮಾಡಿಕೊಂಡು ಬಂದೆ. ಮೊನ್ನೆ ಇದನ್ನೆಲ್ಲ ಕೇಳಿದ ಮಗಳು, "ಆ ರಾಣಿ ಹೆಸರೇನಮ್ಮ?" ಎಂದಳು.

ಮರಿಯಾನಾ. ಮರುದಿನ ತರಗತಿಯಲ್ಲಿ ಬೋರ್ಡಿನ ಮೇಲೆ ಮೊದಲು ಬರೆದದ್ದು ಆ ಹೆಸರನ್ನೇ.