ದೋಷ ಇಲ್ಲ

ಲಿಫ್ಟಿನ ದೋಷಗಳಲ್ಲಿ ಅತಿ ಕೆಟ್ಟದ್ದು ಯಾವುದೆಂದು ಆ ಮೆಕ್ಯಾನಿಕನನ್ನು ಕೇಳಿದರೆ, ಹಗ್ಗ ಸವೆದದ್ದೂ ಅಲ್ಲ, ಮೋಟಾರು ಸುಟ್ಟದ್ದೂ ಅಲ್ಲ ಎನ್ನುತ್ತಿದ್ದ. ಅವು ಕಣ್ಣಿಗೆ ಕಾಣುತ್ತವೆ, ಬದಲಾಯಿಸಿದರೆ ಮುಗಿಯಿತು. ಕೆಟ್ಟದ್ದೆಂದರೆ, ಮೆಕ್ಯಾನಿಕ್ ಬಂದು ನಿಂತೊಡನೆ ಮಾಯವಾಗುವ ದೋಷ. ಮೂರನೆಯ ಮಹಡಿಯ ಮುದುಕರು ನಿನ್ನೆ ಹತ್ತು ನಿಮಿಷ ಒಳಗೆ ಸಿಕ್ಕಿಬಿದ್ದಿರುತ್ತಾರೆ. ಇವನು ಹೋಗಿ ಇಪ್ಪತ್ತು ಸಲ ಏರಿಳಿದರೂ ಅದು ಬೆಣ್ಣೆಯಿಂದ ಕೂದಲು ತೆಗೆದಷ್ಟು ನವಿರಾಗಿ ಓಡಾಡುತ್ತದೆ. ಸೋಮಾರಿ ಮೆಕ್ಯಾನಿಕ್ಕು ಆಗ ಯಂತ್ರದ ಕೋಣೆಯಲ್ಲಿ ನೇತುಹಾಕಿದ ದಾಖಲೆ ಪುಸ್ತಕದಲ್ಲಿ ‘ದೋಷ ಇಲ್ಲ’ ಎಂದು ಗೀಚಿ, ಸಹಿ ಹಾಕಿ, ಮನೆಗೆ ಹೋಗುತ್ತಾನೆ. ಇವನು ಇಪ್ಪತ್ತೆರಡು ವರ್ಷಗಳ ಕೆಲಸದಲ್ಲಿ ಒಮ್ಮೆಯೂ ಹಾಗೆ ಬರೆದವನಲ್ಲ. ‘ನಾನಿದ್ದಾಗ ಕಾಣಲಿಲ್ಲ’ ಎಂದು ಬರೆಯುತ್ತಿದ್ದ. ಎರಡಕ್ಕೂ ಅಜಗಜಾಂತರವಿದೆ ಎಂದು ಕಿರಿಯರನ್ನು ಬೈಯುತ್ತಿದ್ದ. ಗಂಟೆ, ಮಹಡಿ, ಒಳಗಿದ್ದವರೆಷ್ಟು, ಹೊರಗೆ ಸೆಖೆಯೆಷ್ಟು, ಎಲ್ಲವನ್ನೂ ಬರೆದಿಡು. ಸಾಕಷ್ಟು ಸಲ ಬರೆದರೆ ದೋಷ ತನ್ನ ವಿಳಾಸವನ್ನು ತಾನೇ ಹೇಳುತ್ತದೆ ಎಂಬುದು ಅವನ ನಂಬಿಕೆ. ಕಟ್ಟಡಗಳ ಮಕ್ಕಳು ಅವನನ್ನು ಲಿಫ್ಟಣ್ಣ ಎಂದು ಕರೆದವು. ದೊಡ್ಡವರ ಬಾಯಲ್ಲೂ ಆ ಹೆಸರೇ ನಿಂತಿತು.

ಲಿಫ್ಟಣ್ಣನೂ ಅವನ ಹೆಂಡತಿಯೂ ಏಳು ವರ್ಷದ ಹುಡುಗಿಯೊಬ್ಬಳನ್ನು ದತ್ತು ತೆಗೆದುಕೊಂಡು ಆಗಲೇ ಒಂದು ವರ್ಷವಾಗಿತ್ತು. ಮನೆಯಲ್ಲಿ ಅವಳು ಪುಟ್ಟಿ. ಇವರಿಗಿಂತ ಮೊದಲು, ಅವಳಿಗೆ ಐದಿದ್ದಾಗ, ಇನ್ನೊಂದು ಮನೆಯವರು ಅವಳನ್ನು ಕರೆದೊಯ್ದು ಏಳು ತಿಂಗಳಿಗೆ ಹಿಂದಕ್ಕೆ ತಂದುಬಿಟ್ಟಿದ್ದರು. ದತ್ತು ಕಚೇರಿಯ ಕಡತದಲ್ಲಿ ಅದಕ್ಕೆ ಸಿಕ್ಕಿದ್ದು ಒಂದೇ ಸಾಲು: ‘ಹೊಂದಾಣಿಕೆಯಾಗಲಿಲ್ಲ.’ ಯಾರಿಗೆ ಯಾರೊಂದಿಗೆ, ಏತಕ್ಕೆ, ಆ ಏಳು ತಿಂಗಳು ಮಗು ಏನು ಕಂಡಿತು, ಒಂದೂ ಇಲ್ಲ. ಲಿಫ್ಟು ಕೆಟ್ಟರೂ ಇದಕ್ಕಿಂತ ಹೆಚ್ಚು ಬರೆಯುತ್ತಾರೆ ಎಂದು ಅವನು ಅಂದೇ ಹಲ್ಲು ಕಡಿದಿದ್ದ.

ಪುಟ್ಟಿಯ ಸಿಟ್ಟು ಸಂಜೆ ಹೊತ್ತಿನದು. ಹೆಂಡತಿ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ದಿನವಿಡೀ ಕಾಲರು ಹೊಲಿದು ಬಂದು ಬಾಗಿಲು ತೆಗೆದರೆ ಸಾಕು, ಶುರುವಾಗುತ್ತಿತ್ತು. ತಟ್ಟೆ ಹಾರುತ್ತಿತ್ತು, ಪರದೆ ಹರಿಯುತ್ತಿತ್ತು. ‘ನೀನ್ ನಮ್ಮಮ್ಮ ಅಲ್ಲ, ಹೋಗೇ’ ಎಂಬ ಕಿರುಚಾಟ ಕೆಳಗಿನ ಅಂಗಡಿಯವರೆಗೆ ಕೇಳುತ್ತಿತ್ತು. ಹೆಂಡತಿಯ ಮಣಿಕಟ್ಟಿನ ಮೇಲೆ ಹಲ್ಲಿನ ಗುರುತು ಒಂದು ಮಾಯುವಷ್ಟರಲ್ಲಿ ಇನ್ನೊಂದು ಮೂಡುತ್ತಿತ್ತು. ಆದರೆ ಹೊರಗಿನವರು ಹೊಸ್ತಿಲು ದಾಟಿದರೆಂದರೆ ಪುಟ್ಟಿ ಕೈಕಟ್ಟಿ ಕೂರುವ ಚಿನ್ನದ ಗೊಂಬೆ.

ಆದ್ದರಿಂದ ಯಾರೂ ನಂಬಲಿಲ್ಲ. ಲಿಫ್ಟಣ್ಣನ ಸಿಟ್ಟು ಬೆಳೆದದ್ದು ಇಲ್ಲಿಂದ.

ಮೊದಲ ಆಪ್ತಸಮಾಲೋಚಕಿ ಪುಟ್ಟಿಯೊಡನೆ ಅರ್ಧ ಗಂಟೆ ಬಣ್ಣ ಹಚ್ಚಿ, ಹೊರಬಂದು, “ಎಷ್ಟ್ ಮುದ್ದಾಗಿದೆ ಮಗು! ಪ್ರೀತಿ ಕೊಡಿ, ಎಲ್ಲಾ ಸರಿಹೋಗತ್ತೆ” ಎಂದಳು. ಎರಡನೆಯವನು ಪುಟ್ಟಿಯನ್ನು ಬಿಟ್ಟು ಹೆಂಡತಿಯನ್ನೇ ಹಿಡಿದು ಕೂತ. “ನೀವೇ ಹೆತ್ತ ಮಗುವಾಗಿದ್ರೆ ಇಷ್ಟು ದೂರ್ತಿದ್ರಾ ಮೇಡಂ? ಎದೆ ಮುಟ್ಕೊಂಡು ಹೇಳಿ.” ಹೆಂಡತಿ ಆ ದಿನ ಮನೆಗೆ ಬಂದು, ಮುಖ ತೊಳೆಯುವ ನೆಪದಲ್ಲಿ ನಲ್ಲಿ ಬಿಟ್ಟು ಅತ್ತಳು. ಮೂರನೆಯವನ ಬಳಿ ಒಂದು ಪೆಟ್ಟಿಗೆಯಿತ್ತು. ಹಣೆಗೆ ಪಟ್ಟಿ ಕಟ್ಟಿದರೆ ಮಿದುಳಿನ ಅಲೆಗಳು ಪರದೆಯ ಮೇಲೆ ಹಸಿರು, ಕೆಂಪು ಬಣ್ಣಗಳಾಗಿ ಕುಣಿಯುತ್ತಿದ್ದವು. ನಲವತ್ತು ಸಲ ಬಂದರೆ ಕೆಂಪೆಲ್ಲ ಹಸಿರಾಗುವುದಂತೆ.

“ಈ ಕೆಂಪು ಅನ್ನೋದನ್ನ ಯಾವುದಕ್ಕೆ ಹೋಲಿಸಿ ಗೊತ್ತು ಮಾಡಿದ್ದೀರಿ?” ಎಂದು ಲಿಫ್ಟಣ್ಣ ಕೇಳಿದ.

“ಅದು ಯಂತ್ರದ ಒಳಗೇ ಇರತ್ತೆ ಸರ್.”

“ಸರಿ, ಈ ಪಟ್ಟಿ ನಿಮ್ಮ ಹಣೆಗೆ ಕಟ್ಕೊಳ್ಳಿ, ನೋಡೋಣ.”

ಅವನು ಕಟ್ಟಿಕೊಂಡ. ಪರದೆ ಕೆಂಡದಂತೆ ಕೆಂಪಾಯಿತು. “ನಿಮಗೂ ನಲವತ್ತು ಸಲ ಬೇಕಲ್ಲ ಸ್ವಾಮಿ” ಎಂದು ಹೇಳಿ ಲಿಫ್ಟಣ್ಣ ಮಗಳ ಕೈಹಿಡಿದು ಎದ್ದುಬಂದ. ನಕ್ಕಿದ್ದು ಮೆಟ್ಟಿಲಿಳಿಯುವಷ್ಟು ಹೊತ್ತು ಮಾತ್ರ. ಆಮೇಲೆ ಮತ್ತೆ ಅದೇ ಸಂಜೆ, ಅದೇ ತಟ್ಟೆ.

ಅವನ ಅಕ್ಕನಂತೂ ಬಂದಾಗಲೆಲ್ಲ ಒಂದೇ ರಾಗ: “ಯಾರ ರಕ್ತವೋ ಏನೋ. ಬೇವು ಬಿತ್ತಿ ಮಾವು ಬೇಕು ಅಂದ್ರೆ ಬರತ್ತೇನೋ?”

“ರಕ್ತ ಸಂಜೆ ಆರಕ್ಕೇ ಯಾಕೆ ಕುದಿಯತ್ತೆ ಅಕ್ಕಾ? ಬೆಳಿಗ್ಗೆ ಅದಕ್ಕೆ ರಜಾನಾ?”

ಸಿಟ್ಟಿನಲ್ಲಿ ಆಡಿದ ಆ ಮಾತೇ ಅವನಿಗೊಂದು ದಾರಿ ತೋರಿಸಿದಂತಾಯಿತು. ಸಂಜೆ ಆರಕ್ಕೇ ಏಕೆ? ಇದಕ್ಕೂ ವಿಳಾಸವಿರಬೇಕು. ಕೆಲಸದ ಕಪಾಟಿನಲ್ಲಿ ಉಳಿದಿದ್ದ ಹೊಸ ದಾಖಲೆ ಪುಸ್ತಕವೊಂದನ್ನು ಮನೆಗೆ ತಂದ. ಮನೆಗೆ ಬೇಕಾಗಿ ‘ಮಹಡಿ’ ಎಂಬ ಕಾಲಮನ್ನು ಹೊಡೆದು ‘ಕೋಣೆ’ ಎಂದು ತಿದ್ದಿದ. ತಾರೀಕು, ಗಂಟೆ, ದೋಷ, ಕ್ರಮ, ಉಳಿದವು ಹಾಗೆಯೇ ಇದ್ದವು. ಅವನ ಕಸುಬಿನಲ್ಲಿ ದಾಖಲೆ ಯಂತ್ರದ ಪಕ್ಕದಲ್ಲೇ, ಎಲ್ಲರ ಕೈಗೆಟಕುವಂತೆ ಇರಬೇಕು. ಅಡುಗೆಮನೆಯ ಬಾಗಿಲ ಮೊಳೆಗೆ ತೂಗುಹಾಕಿದ.

“ಮಗು ಏನು ಲಿಫ್ಟಾ?” ಎಂದಳು ಹೆಂಡತಿ.

“ಹೇಳಿದ್ದು ನಂಬಲ್ಲ ಅಂತಾರಲ್ಲ. ಬರೆದದ್ದಾದ್ರೂ ನಂಬಲಿ.”

ನಾಲ್ಕು ವಾರ ಬರೆದ. ‘ಆರು ಹತ್ತು, ನಡುಮನೆ, ತಟ್ಟೆ ಎಸೆದಳು, ಕ್ರಮ: ಏನೂ ತೋಚಲಿಲ್ಲ.’ ಹೆಂಡತಿ ಬಾಗಿಲು ತೆಗೆದು ಒಳಬಂದ ಮೇಲಿನ ಮೊದಲ ಐದು ನಿಮಿಷಗಳಲ್ಲೇ ಎಲ್ಲವೂ ನಡೆಯುತ್ತದೆಂಬುದು ಮೂರನೆಯ ವಾರಕ್ಕೆ ಗೊತ್ತಾಯಿತು. ಹೊರಗೆ ಹೋದವರು ಮರಳಿ ಬಂದ ಗಳಿಗೆಯೇ ಮಗುವಿಗೆ ತಡೆಯಲಾಗದ ಗಳಿಗೆ. ಇಷ್ಟು ಕಂಡುಹಿಡಿದೆನೆಂದು ಅವನು ಹಿಗ್ಗಿದ.

ಐದನೆಯ ವಾರ ಎಲ್ಲವೂ ಥಟ್ಟನೆ ನಿಂತಿತು. ಕಿರುಚಾಟವಿಲ್ಲ, ಕಚ್ಚುವುದಿಲ್ಲ. ಪುಟ್ಟಿ ಚಪ್ಪಲಿಗಳನ್ನು ಸಾಲಾಗಿ ಜೋಡಿಸಿದಳು, ತಟ್ಟೆ ತೊಳೆದಳು, ಬಾಗಿಲು ತೆಗೆದ ಅಮ್ಮನಿಗೆ ನೀರು ತಂದುಕೊಟ್ಟಳು. ಅಕ್ಕ ಗಲ್ಲಕ್ಕೆ ಕೈಹಚ್ಚಿ, “ಅಂತೂ ಬುದ್ಧಿ ಬಂತು ನೋಡು” ಎಂದಳು. ಲಿಫ್ಟಣ್ಣ ಪುಸ್ತಕವನ್ನು ಮುಟ್ಟಲಿಲ್ಲ, ಬರೆಯುವುದಕ್ಕೆ ಏನಿತ್ತು? ಮೂರು ವಾರ ಕಳೆದ ಮೇಲೆ, ಒಂದು ಭಾನುವಾರ ಬೆಳಿಗ್ಗೆ, ಅದನ್ನು ತೆಗೆದಿಡೋಣವೆಂದು ಮೊಳೆಯಿಂದ ಇಳಿಸಿ ತೆರೆದ.

ಅವನು ನಿಲ್ಲಿಸಿದಲ್ಲಿಂದ ಮುಂದೆ ಇನ್ನೊಂದು ಕೈಬರಹವಿತ್ತು. ಪೆನ್ಸಿಲಿನದು, ಗುಂಡು ಗುಂಡು, ಗೆರೆ ಮೀರದಂತೆ ಹಿಡಿದು ಬರೆದದ್ದು. ‘ಆರು ಗಂಟೆ. ನಡುಮನೆ. ದೋಷ: ಇಲ್ಲ. ಕ್ರಮ: ಬೇಡ.’ ಮರುದಿನವೂ ಅದೇ. ಅದರ ಮರುದಿನವೂ ಅದೇ. ಇಪ್ಪತ್ತೊಂದು ಸಾಲು.

ಅವನು ಪುಸ್ತಕ ಹಿಡಿದು ಅಲ್ಲೇ ನೆಲದ ಮೇಲೆ ಕುಕ್ಕರಿಸಿದ. ಸ್ವಲ್ಪ ಹೊತ್ತಿಗೆ ಪುಟ್ಟಿ ಬಂದು ಬಾಗಿಲಲ್ಲಿ ನಿಂತಳು.

“ಇದನ್ನ ಯಾಕೆ ಬರೆದೆ ಮಗಾ?”

“ತುಂಬಬಾರದು ಅಂತ.”

“ಏನು ತುಂಬಬಾರದು?”

“ನಿಮ್ಮ ಬರಹ.” ಅವಳು ಪಾಠ ಒಪ್ಪಿಸುವವಳಂತೆ ಹೇಳಿದಳು. “ಮುಂಚಿನ ಮನೇಲೂ ಇತ್ತು. ಆ ಆಂಟಿ ಬರೀತಿದ್ರು. ಪುಸ್ತಕ ತುಂಬಿದ್ಮೇಲೆ ಕಾರು ಬಂತು.”

ಅವನು ಏನೇನೋ ಹೇಳಿದ. ಇದು ದೂರಿನ ಪುಸ್ತಕವಲ್ಲ, ಡಾಕ್ಟರಿಗೆ ತೋರಿಸಲು, ನಿನಗೆ ಏನು ಕಷ್ಟವೆಂದು ತಿಳಿಯಲು. ಪುಸ್ತಕವನ್ನು ಅವಳೆದುರಿಗೇ ಹರಿದ. ಪುಟ್ಟಿ ಎಲ್ಲವನ್ನೂ ಕೇಳಿ “ಸರಿ” ಎಂದು, ಚೂರುಗಳನ್ನು ಗುಡಿಸಲು ಪೊರಕೆ ತಂದಳು. ಅವಳು ಆ ಚೂರುಗಳನ್ನು ಅವನ ಮುಖಕ್ಕೆ ಎಸೆದಿದ್ದರೆ ಅವನಿಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು. ಇಷ್ಟು ದಿನ ಊರಿನವರ ಮೇಲಿದ್ದ ಅವನ ಕೋಪವೆಲ್ಲ ಈಗ ತನ್ನ ಮೇಲೇ ತಿರುಗಿತು. ಮಗು ಹೆದರಿದ್ದನ್ನು ಗುಣವಾಯಿತೆಂದು ತಿಳಿದು, ಮೂರು ವಾರ ಹೊಟ್ಟೆತುಂಬ ಉಂಡು ಆರಾಮವಾಗಿದ್ದನಲ್ಲ!

ಅದೇ ಭಾನುವಾರ ಸಂಜೆ ಅವನು ಪೇಟೆಯ ವಾಚನಾಲಯಕ್ಕೆ ಹೋದ. ದತ್ತು ಮಕ್ಕಳ ತಂದೆತಾಯಿ ಐದಾರು ಮಂದಿ ಅಲ್ಲಿ ತಿಂಗಳಿಗೊಮ್ಮೆ ಸೇರುತ್ತಾರೆಂದು ಗೋಡೆಯ ಮೇಲಿನ ಚೀಟಿಯಲ್ಲಿ ಓದಿದ್ದ. ‘ಗೋಳು ತೋಡಿಕೊಳ್ಳೋರ ಸಂಘ’ ಎಂದು ತಾತ್ಸಾರ ಮಾಡಿದ್ದ. ಅವರಿಗೆಲ್ಲ ಹಿರಿಯಳು ಅಲ್ಲಿನ ಗ್ರಂಥಪಾಲಕಿ. ಅವಳ ದತ್ತು ಮಗನಿಗೆ ಈಗ ಇಪ್ಪತ್ತು. ಪೆನ್ಸಿಲಿನ ಸಾಲುಗಳ ಕಥೆ ಕೇಳಿ ಅವಳು ಕನ್ನಡಕ ತೆಗೆದಿಟ್ಟಳು.

“ಅದು ಒಳ್ಳೇತನ ಅಲ್ಲಪ್ಪ. ಗಂಟುಮೂಟೆ ಕಟ್ಕೊಂಡು ಬಾಗಿಲಲ್ಲಿ ಕೂತಿರೋದು.”

“ಹಾಗಿದ್ರೆ ಯಾರ ಹತ್ರ ಹೋಗ್ಲಿ? ಮೂರು ಜನಾನ ನೋಡಿದ್ದಾಯ್ತು, ಒಬ್ಬರಿಗಿಂತ ಒಬ್ಬರು ಘನ ಪಂಡಿತರು.”

“ಮಕ್ಕಳ ಆಸ್ಪತ್ರೇಲಿ ಒಬ್ಬಳೇ ಒಬ್ಬ ಡಾಕ್ಟರು ಇದಾಳೆ, ಇಂಥ ಮಕ್ಕಳನ್ನೇ ನೋಡೋಳು. ಮಗು ಜೊತೆ ಅಪ್ಪ ಅಮ್ಮನ್ನೂ ಕೂರಿಸ್ಕೊಳ್ತಾಳೆ. ನನ್ನ ಮಗ ಅವಳ ಕೋಣೇಲಿ ಆರು ತಿಂಗಳು ಮೇಜಿನ ಕೆಳಗೇ ಕೂತಿದ್ದ; ಅವಳೂ ಕೆಳಗೇ ಕೂತಳು. ಆದ್ರೆ ದತ್ತು ಕಚೇರಿ ಪತ್ರ ಇಲ್ದೆ ಅವಳ ಬಾಗಿಲು ತೆಗೆಯೋ ಹಾಗಿಲ್ಲ.”

“ಪತ್ರ ಕೊಡಲ್ಲ ಅಂದ್ರೆ?”

“ಕೂಗಾಡು. ನಾನೂ ಕೂಗಾಡಿದ್ದೆ. ಗ್ರಂಥಾಲಯದಲ್ಲಿ ಸುಮ್ನಿರಿ ಅಂತ ಮೂವತ್ತು ವರ್ಷ ಹೇಳಿದವಳು ನಾನು!”

ದತ್ತು ಕಚೇರಿ ಹಳೆಯ ಕಟ್ಟಡದ ಎರಡನೆಯ ಮಹಡಿಯಲ್ಲಿತ್ತು. ಆ ವಾರವೇ ವರ್ಷದ ತಪಾಸಣೆ. ಮಗುವನ್ನೂ ಕರೆತರಬೇಕೆಂಬ ನಿಯಮ. ಅಧಿಕಾರಿ ಕೆಟ್ಟವನೇನಲ್ಲ. ಮೇಜಿನ ಮೇಲೆ ಎರಡು ಕಡೆ ಎದೆಮಟ್ಟ ಕಡತಗಳು, ನಡುವಿನ ಕಿಂಡಿಯಲ್ಲಿ ಅವನ ದಣಿದ ಮುಖ.

“ಹೇಗಿದೀಯಮ್ಮ?”

“ತುಂಬಾ ಚೆನ್ನಾಗಿದೀನಿ ಸರ್. ಈಗ ನಾನು ಕಿರುಚೋದೇ ಇಲ್ಲ” ಎಂದಳು ಪುಟ್ಟಿ, ಕೈಕಟ್ಟಿಕೊಂಡು.

ಅಧಿಕಾರಿ ಹಿಗ್ಗಿ ನಮೂನೆಯೊಂದನ್ನು ಮುಂದೆ ತಳ್ಳಿದ. ಅದರಲ್ಲಿ ಎರಡು ಚೌಕ. ಒಂದರ ಮುಂದೆ ‘ಹೊಂದಿಕೊಂಡಿದೆ’, ಇನ್ನೊಂದರ ಮುಂದೆ ‘ಹೊಂದಿಕೊಂಡಿಲ್ಲ’. “ಮೊದಲನೇದಕ್ಕೆ ಗುರುತು ಹಾಕಿ. ಮುಗೀತು.”

“ಹಾಕಲ್ಲ ಸರ್. ಅವಳು ಹೆದರ್ಕೊಂಡು ಚೆನ್ನಾಗಿದಾಳೆ. ಮಕ್ಕಳ ಆಸ್ಪತ್ರೆ ಡಾಕ್ಟರಿಗೆ ಪತ್ರ ಬೇಕು.”

“ಹೊಂದಿಕೊಂಡಿರೋ ಮಗುವಿಗೆ ಪತ್ರ ಯಾಕ್ರೀ?”

“ಹೊಂದಿಕೊಂಡಿಲ್ಲ.”

“ಹಾಗಾದ್ರೆ ಎರಡನೇದಕ್ಕೆ ಹಾಕಿ. ಕ್ರಮ ತಗೋತೀವಿ.”

“ಏನು ಕ್ರಮ?”

ಮಕ್ಕಳಿಗೆ ಕಿವಿಯಿಲ್ಲವೆಂದು ನಂಬಿದ ದೊಡ್ಡವರ ದನಿಯೊಂದಿರುತ್ತದಲ್ಲ, ಅಧಿಕಾರಿ ಆ ದನಿಗೆ ಇಳಿದ. “ವಾಪಸ್ ತಗೋತೀವಿ. ಎರಡು ವರ್ಷದೊಳಗೆ ಅವಕಾಶ ಇದೆ. ನಿಮ್ಮನ್ನ ಯಾರೂ ಏನೂ ಅನ್ನಲ್ಲ ಬಿಡಿ.”

“ಇದನ್ನೇನು ಅಂಗಡಿ ಅಂದ್ಕೊಂಡಿದೀರಾ?” ಹೆಂಡತಿ ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದಳು. “ನೋವಿದೆ ಅಂತ ಬಂದ್ರೆ ಮಗೂನೇ ಕಿತ್ಕೋತೀನಿ ಅಂತೀರಲ್ಲ, ಹಲ್ಲು ನೋವಿಗೆ ತಲೆ ತೆಗೀತಾರೇನ್ರೀ?”

ಅವಳ ಮಾತು ಮುಗಿಯಲಿಲ್ಲ. ಪುಟ್ಟಿ ಎರಡೂ ಕೈಗಳಿಂದ ಎಡಗಡೆಯ ಕಡತಗಳ ರಾಶಿಯನ್ನು ಕೆಡವಿದಳು. ಆಮೇಲೆ ಬಲಗಡೆಯದು. “ಕಳ್ಸಿ! ಈಗಲೇ ಕಳ್ಸಿ! ಕಾರು ಕರೀರಿ!” ಎಂದು ಕಿರುಚಿದ ಸದ್ದಿಗೆ ಆಚೆಯ ಕೋಣೆಯವರೆಲ್ಲ ಬಾಗಿಲಿಗೆ ಬಂದರು. ಹೆಂಡತಿ ಅವಳನ್ನು ಹಿಂದಿನಿಂದ ತಬ್ಬಿ ಹಿಡಿದಳು. ಪುಟ್ಟಿ ಅವಳ ತೋಳಿಗೆ ಬಾಯಿ ಹಾಕಿದಳು. “ಕಚ್ಚು. ಎಲ್ಲಿಗೂ ಕಳ್ಸಲ್ಲ. ಕಚ್ಚು” ಎಂದಳು ಹೆಂಡತಿ, ಹಲ್ಲುಕಚ್ಚಿ.

“ಅಯ್ಯೋ, ಇಷ್ಟು ಹೊತ್ತು ಚೆನ್ನಾಗಿತ್ತಲ್ರೀ ಮಗು!” ಎಂದ ಅಧಿಕಾರಿ.

“ಇದೇ ಸರ್. ವರ್ಷದಿಂದ ಊರೆಲ್ಲ ತಿರುಗಿ ಹೇಳ್ತಿದ್ದದ್ದು ಇದನ್ನೇ.” ಲಿಫ್ಟಣ್ಣ ನಮೂನೆಯನ್ನು ಎಳೆದುಕೊಂಡು, ಎರಡು ಚೌಕಗಳ ಕೆಳಗೆ ಪೆನ್ನಿನಿಂದ ಮೂರನೆಯದೊಂದನ್ನು ಬರೆದ. ಅದರ ಮುಂದೆ, ಕಾಗದ ಹರಿಯುವಷ್ಟು ಒತ್ತಿ: ‘ನಮ್ಮ ಮಗಳು. ನಮ್ಮಲ್ಲೇ ಇರುತ್ತಾಳೆ. ನಮಗೆ ಮೂವರಿಗೂ ಚಿಕಿತ್ಸೆ ಬೇಕು.’ ಗುರುತು ಹಾಕಿ ಸಹಿ ಮಾಡಿದ.

“ನಮೂನೇಲಿ ಹಾಗೆಲ್ಲ ಬರೆಯೋ ಹಾಗಿಲ್ಲ.”

“ಬರೆದಾಯ್ತು. ಪತ್ರ ಕೊಡಿ. ಕೊಡೋವರೆಗೂ ನಾವು ಇಲ್ಲೇ. ಮಗುವೂ ಇಲ್ಲೇ.”

ಆ ಕೊನೆಯ ಮಾತು ನಿಯಮಕ್ಕಿಂತ ಹೆಚ್ಚು ಕೆಲಸ ಮಾಡಿತು. ಅಧಿಕಾರಿ ಬರೆಯಲು ಕೂತ, ಆಸ್ಪತ್ರೆಗೆ ಫೋನು ಮಾಡಿ ದಿನವನ್ನೂ ಗೊತ್ತುಮಾಡಿಸಿದ. ಅಷ್ಟರಲ್ಲಿ ಪುಟ್ಟಿಯ ಕಿರುಚಾಟ ಬಿಕ್ಕಳಿಕೆಗೆ ಇಳಿದಿತ್ತು. ಲಿಫ್ಟಣ್ಣ ನೆಲಕ್ಕೆ ಮಂಡಿಯೂರಿದ.

“ಬಾ. ನೀನು ಬೀಳಿಸಿದ್ದು, ನೀನೂ ಎತ್ತು. ನಾನೂ ಎತ್ತೀನಿ.”

ಇಬ್ಬರೂ ಎತ್ತಿದರು. ಒಂದೊಂದು ರಟ್ಟಿನ ಮೇಲೂ ಒಂದೊಂದು ಮಗುವಿನ ಭಾವಚಿತ್ರ. ಪುಟ್ಟಿ ಅವನ್ನು ಮಗುಚಿ ಇಡದೆ, ಮುಖ ಮೇಲಾಗಿ ಜೋಡಿಸಿದಳು. ಆ ರಾಶಿಯ ಎತ್ತರ ಕಂಡು ಅವನಿಗೆ ಮತ್ತೆ ಸಿಟ್ಟು ಬಂತು.

ಹೆಂಡತಿ ಪತ್ರ ಹಿಡಿದು ಮುಂದೆ ಇಳಿದಳು. ಅವನೊಡನೆ ಮೆಟ್ಟಿಲಿಳಿಯುವಾಗ ಪುಟ್ಟಿ ನಡುವೆ ನಿಂತಳು.

“ನಾನು ಬೀಳಿಸಿದ್ದಕ್ಕೆ ಕೋಪನಾ?”

“ಹೌದು.”

“ಕಳಿಸ್ತೀರಾ?”

“ಇಲ್ಲ.”

ಅವಳು ಹುಬ್ಬು ಗಂಟಿಕ್ಕಿದಳು. “ಎರಡೂ ಹೇಗಾಗತ್ತೆ?”

“ಆಗತ್ತೆ. ಕೋಪಾನೂ ಇರತ್ತೆ, ನೀನೂ ಇರ್ತೀಯ.”

“ಸುಳ್ಳು” ಎಂದು ಅವಳು ಧಡಧಡನೆ ಕೆಳಗಿಳಿದಳು.

ಕಟ್ಟಡದ ಬಾಗಿಲಲ್ಲಿ ಹೆಂಡತಿ ಬೆಳಕಿಗೆ ಹಿಡಿದು ಪತ್ರ ಓದುತ್ತಿದ್ದಳು. ತೋಳಿನ ಬಟ್ಟೆಯ ಮೇಲೆ ಹಲ್ಲಿನ ಒದ್ದೆ ಇನ್ನೂ ಆರಿರಲಿಲ್ಲ. “ಡಾಕ್ಟರು ನೋಡೋದು ನಾಲ್ಕು ತಿಂಗಳಾದ್ಮೇಲಂತೆ ಕಣ್ರೀ.”

“ನಾಲ್ಕು ತಿಂಗಳಾ?”

ಲಿಫ್ಟಣ್ಣ ಪತ್ರವನ್ನು ಕಿತ್ತುಕೊಂಡು ಬಂದ ಮೆಟ್ಟಿಲನ್ನೇ ಮತ್ತೆ ಏರತೊಡಗಿದ. ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಹಿಂದಿನಿಂದ ಸಣ್ಣ ಚಪ್ಪಲಿಗಳ ಸದ್ದು ಕೇಳಿತು.

“ನಾನೂ ಬರ್ತೀನಿ” ಎಂದಳು ಪುಟ್ಟಿ.