ಕವಲು ದಾರಿಯಲ್ಲಿ ಒಂದು ‘ಕುಡಿ’

ಈ ಪ್ರಸಂಗ ಎಪ್ಪತ್ತರ ದಶಕದ ಕೊನೆಯದೆಂದು ಮೊದಲ ಕರಡಿನಲ್ಲಿ ಬರೆದಿದ್ದೆ. ಅದು ಸರಿಯಲ್ಲ. ಶಿರಾದ ಹೆದ್ದಾರಿಯಲ್ಲಿ ಅಭ್ಯಾಸದ ಓಟದ ನಡುವೆ ಲಾರಿಗೆ ದಾರಿ ಬಿಡಲು ಹೋಗಿ ಚರಂಡಿಗೆ ಬಿದ್ದು ನನ್ನ ಮಂಡಿ ಕೆಟ್ಟದ್ದು ಆ ದಶಕದ ಕೊನೆಯಲ್ಲಿ. ಮ್ಯಾರಥಾನಿಗೆ ಸ್ವಯಂಸೇವಕನಾಗಿ ನಿಂತದ್ದು ಅದಾದ ಮೇಲೆ. ಆದ್ದರಿಂದ ಎಂಬತ್ತರ ದಶಕದ ಮೊದಲ ವರ್ಷಗಳೇ ಇರಬೇಕು. ಅಂದು ಜೊತೆಗಿದ್ದ ಗೆಳೆಯರೊಬ್ಬರು ಅದು ಬೇಸಿಗೆಯೆಂದು ಇಂದಿಗೂ ವಾದಿಸುತ್ತಾರೆ. ಆದರೆ ರಸ್ತೆಯ ಎರಡೂ ಬದಿಯಲ್ಲಿ ಆಗಷ್ಟೇ ಕಿತ್ತ ಕಡಲೆಕಾಯಿ ಗಿಡಗಳ ಗುಡ್ಡೆಗಳಿದ್ದುದು ನನಗೆ ಸ್ಪಷ್ಟವಾಗಿ ನೆನಪಿದೆ. ಮಳೆಗಾಲ ಮುಗಿಯದೆ ಅದು ಸಾಧ್ಯವಿಲ್ಲ. ಶಾಸನಗಳ ಕಾಲನಿರ್ಣಯದಲ್ಲಿ ಆಯುಷ್ಯ ಕಳೆದವನು ಸ್ವಂತ ನೆನಪನ್ನೂ ಪರೀಕ್ಷಿಸದೆ ಒಪ್ಪಲಾರ.

ಮಂಡಿ ಕೆಡುವ ಮೊದಲು ಕೊರಟಗೆರೆಯಿಂದ ಮಧುಗಿರಿಗೆ ನಸುಕಿನಲ್ಲಿ ಓಡುತ್ತಿದ್ದೆ. ಬೆಟ್ಟದ ಬಂಡೆ ಕಪ್ಪಿನಿಂದ ಬೂದಿಬಣ್ಣಕ್ಕೆ ತಿರುಗುವಷ್ಟರಲ್ಲಿ ಊರು ಮುಟ್ಟಬೇಕೆಂಬುದು ನನಗೆ ನಾನೇ ವಿಧಿಸಿಕೊಂಡ ಗಡುವು. ಕ್ಯಾನ್ವಾಸ್ ಬೂಟಿನ ಸದ್ದು, ಎದುರಾಗುವ ಹಾಲಿನ ಸೈಕಲ್ಲು, ಬೆವರಿನ ಮೇಲೆ ಬೀಸುವ ತಣ್ಣನೆಯ ಗಾಳಿ: ಇಷ್ಟೇ ಆ ವರ್ಷಗಳ ಸಂಪತ್ತು. ಓಡಲಾಗದ ಮೇಲೂ ಓಟದ ಬಳಿಯಲ್ಲಿರುವ ಆಸೆ ಹೋಗಲಿಲ್ಲ. ಹೀಗಾಗಿ ರಾಜ್ಯದ ಅತ್ಯುತ್ತಮ ಓಟಗಾರರನ್ನಷ್ಟೇ ಕರೆದು ನಡೆಸಿದ ಆಯ್ಕೆಯ ಮ್ಯಾರಥಾನಿಗೆ ಕೈಜೋಡಿಸಿದೆ. ಮಧುಗಿರಿಯಿಂದ ಹೊರಟು ಐ.ಡಿ.ಹಳ್ಳಿಯ ಆಚೆ ನೆಟ್ಟ ಕೆಂಪು ಬಾವುಟವನ್ನು ಸುತ್ತಿ ಅದೇ ದಾರಿಯಲ್ಲಿ ಮರಳಬೇಕು. ಮೊದಲ ಇಬ್ಬರಿಗೆ ಮಾತ್ರ ರಾಷ್ಟ್ರಮಟ್ಟದ ತರಬೇತಿ ಶಿಬಿರ.

ಬೆಳಿಗ್ಗೆ ಓಟಗಾರರ ಅಂಗಿಗೆ ಸಂಖ್ಯೆಯ ಬಟ್ಟೆ ಚುಚ್ಚುತ್ತಿದ್ದಾಗ ತೆಳ್ಳನೆಯ ಯುವಕನೊಬ್ಬ ಎದುರು ನಿಂತ. ಎಲ್ಲಿಯವನೆಂದು ಕೇಳಿದೆ.

“ಪಾವಗಡದ ಹತ್ರ ಬಲಸಮುದ್ರದ ಕಡೆ ಸಾರ್. ಕುರಿ ಸಾಕೋರು ನಾವು.”

“ಕುರಿ ಹಿಂದೆ ಓಡಿ ಕಲಿತೆಯೇನಪ್ಪ?”

“ಕುರಿ ಎಲ್ಲಿ ಓಡ್ತಾವೆ ಸಾರ್, ಅವು ಮೇಯ್ತಾವೆ. ಓಡೋನು ನಾನೊಬ್ನೇ.” ನಕ್ಕು, ಮತ್ತೆ ಗಂಭೀರನಾದ. “ಇಬ್ರೊಳಗೆ ಬಂದ್ರೆ ಕ್ಯಾಂಪು. ಲೇಕಪೋತೆ ಇಲ್ಲಿಗೆ ಮುಗೀತು. ಇದೇ ಕೊನೆ ಸಲ, ಆಮೇಲೆ ಮಂದೆ ಹಿಂದೆ ಹೋಗ್ಬೇಕು ಅಂದ್ಬುಟ್ಟವ್ನೆ ನಮ್ಮಣ್ಣ.”

‘ಇಲ್ಲದಿದ್ದರೆ’ ಎನ್ನಬೇಕಾದಲ್ಲಿ ಅವನ ಬಾಯಿಗೆ ತೆಲುಗು ಬಂದಿತ್ತು. ನನ್ನ ತಾಯಿಯ ತವರೂ ಪಾವಗಡವೇ. ಆ ಬೆರಕೆ ಮಾತು ಕೇಳಿ ಮನಸ್ಸು ಮೆತ್ತಗಾಯಿತು.

ನನ್ನನ್ನು ನಿಲ್ಲಿಸಿದ್ದು ಐ.ಡಿ.ಹಳ್ಳಿಗೆ ಮುಂಚಿನ ಕವಲಿನಲ್ಲಿ. ಡಾಂಬರು ರಸ್ತೆ ಎಡಕ್ಕೆ ಬಾಗುತ್ತಿತ್ತು. ಬಲಕ್ಕೆ ಹೊಲಗಳ ನಡುವೆ ಗಾಡಿದಾರಿ. ನೆಲದ ಮೇಲೆ ಸುಣ್ಣದಲ್ಲಿ ಬಾಣ ಬರೆದಿದ್ದೆ. ಪಕ್ಕದ ಹೊಲದ ಗೃಹಿಣಿಯೊಬ್ಬರು ತಾವಾಗಿಯೇ ಕೊಡ ತಂದು, ಸ್ಟೀಲ್ ಲೋಟಗಳಿಗೆ ನೀರು ತುಂಬಿಟ್ಟಿದ್ದರು. ಮೇಲ್ವಿಚಾರಕರ ಜೀಪು ಬಾವುಟದ ಕಡೆಗೆ ಮುಂದೆ ಹೋಗಿತ್ತು. ಆಗಲೇ ಕಡಲೆಕಾಯಿ ಗಿಡ ಹೇರಿದ ಗಾಡಿಯೊಂದು ಬಾಣವನ್ನು ಉಜ್ಜಿಕೊಂಡು ಹೋಯಿತು. ಸುಣ್ಣದ ಚೀಲ ತರಲು ಮರದ ಕಡೆ ಹೊರಳಿದೆ. ಅಷ್ಟರಲ್ಲಿ ಮೊದಲ ಓಟಗಾರ ಬಂದೇಬಿಟ್ಟ. ಅವನೇ, ಬಲಸಮುದ್ರದ ಯುವಕ. ಹಿಂದೆ ಯಾರೂ ಕಾಣುತ್ತಿರಲಿಲ್ಲ.

ಆಕೆ ಲೋಟ ಚಾಚಿ, “ಕುಡಿ, ಕುಡಿ” ಎಂದರು. ಅವನು ತಲೆಯಾಡಿಸಿ, ಲೋಟವನ್ನು ಮುಟ್ಟದೆ, ಬಲಕ್ಕೆ ತಿರುಗಿ ಗಾಡಿದಾರಿ ಹಿಡಿದ.

ತೆಲುಗಿನಲ್ಲಿ ‘ಕುಡಿ’ ಎಂದರೆ ಬಲಗಡೆ. ದಣಿದವನ ಕಿವಿಗೆ ಮನೆಮಾತೇ ಮೊದಲು ಕೇಳಿಸಿತ್ತು.

ಚೀಲ ಎಸೆದು ಬೆನ್ನಟ್ಟಿದೆ. ಮಂಡಿ ಹೆಜ್ಜೆಹೆಜ್ಜೆಗೂ ಚುಚ್ಚುತ್ತಿತ್ತು. ಕೂಗಲು ಉಸಿರಿರಲಿಲ್ಲ, ಕೂಗಿದ ಅಷ್ಟಿಷ್ಟನ್ನೂ ಅವನು ಹುರಿದುಂಬಿಸುವ ಕೂಗೆಂದುಕೊಂಡಂತಿತ್ತು. ನಾನು ಜೋರಾಗಿ ಓಡಿದಷ್ಟೂ ಅವನೂ ವೇಗ ಹೆಚ್ಚಿಸಿದ. ಆಗ ಹೊಳೆಯಿತು: ನನ್ನ ಹೆಜ್ಜೆಯ ಸದ್ದನ್ನು ಅವನು ಪ್ರತಿಸ್ಪರ್ಧಿಯದೆಂದು ಭಾವಿಸಿದ್ದಾನೆ. ಮುಂದಿರುವವನು ಹಿಂದಿರುಗಿ ನೋಡುವುದಿಲ್ಲ, ಕಿವಿಯಿಂದಲೇ ಅಂತರ ಅಳೆಯುತ್ತಾನೆ. ನಾನೂ ಹಾಗೆಯೇ ಓಡಿದವನು.

ಥಟ್ಟನೆ ನಿಂತೆ.

ಸದ್ದು ಸತ್ತದ್ದು ಅವನನ್ನು ಕಾಡಿರಬೇಕು. ಕೊಂಚ ದೂರ ಹೋಗಿ ಕತ್ತು ತಿರುಗಿಸಿದ. ಎರಡೂ ಕೈ ಎತ್ತಿ, “ದಾರಿ ಅದಿ ಕಾದಪ್ಪಾ, ಎಡಮ!” ಎಂದೆ. ದಾರಿ ಅದಲ್ಲ, ಎಡಕ್ಕೆ ಎಂದು. ಅವನ ಮುಖ ಬಿಳಿಚಿತು. ಹಿಂದಕ್ಕೆ ತಿರುಗಿ ನನ್ನನ್ನು ಹಾದು ಓಡಿದ. ಅಷ್ಟರಲ್ಲಿ ಇಬ್ಬರು ಕವಲು ದಾಟಿ ಮುಂದಾಗಿದ್ದರು.

ಕುಂಟುತ್ತ ಮರಳಿದಾಗ ಆಕೆ ಲೋಟ ಹಿಡಿದೇ ನಿಂತಿದ್ದರು. “ಅಲ್ಲ ಸಾರ್, ನೀರು ಕುಡಿ ಅಂದ್ರೆ ಹಂಗ್ಯಾಕೆ ಹೊಲಕ್ಕೆ ಓಡೋದ?”

ಬದುವಿನ ಮೇಲೆ ಕುಳಿತಿದ್ದ ಮುದುಕರೊಬ್ಬರು, “ನಿನ್ ನೀರಿನ ರುಚಿ ಅವ್ನಿಗೆ ಮೊದ್ಲೇ ಗೊತ್ತಿತ್ತು ಕಣಮ್ಮ” ಎಂದರು.

ಅರ್ಥ ಹೇಳಿದೆ. ಮುದುಕರ ಮಾತಿಗೆ ಬಂದಿದ್ದ ಆಕೆಯ ನಗು ಮಾಯವಾಯಿತು. “ಹಂಗಾರೆ ತೆಲುಗಲ್ಲಿ ಕುಡಿ ಅನ್ನಾಕೆ ಏನಂತಾರೆ?”

“ತಾಗು.”

“ತಾಗು ಅನ್ಲಾ? ಬಂದೋರೆಲ್ಲ ನನ್ನ ಡಿಕ್ಕಿ ಹೊಡೀಲಿ ಅಂತಲಾ?” ಮುಂದಿನವರಿಗೆಲ್ಲ ಆಕೆ “ನೀರು, ನೀರು” ಎಂದಷ್ಟೇ ಹೇಳಿದರು.

ಓಟಗಾರರು ಬಾವುಟ ಸುತ್ತಿ ಮರಳುವವರೆಗಿನ ಹೊತ್ತು ನನಗೆ ಬಹಳ ದೀರ್ಘವೆನಿಸಿತು. ಜೀಪಿನ ಹಿಂದೆ ಮೊದಲನೆಯವನು ಒಬ್ಬನೇ ಸರಾಗವಾಗಿ ಹಾದುಹೋದ. ಎರಡನೆಯವನು ಬಂದ, ಕಿವಿ ನಿಮಿರಿಸಿಕೊಂಡವನಂತೆ. ಅವನ ಹಿಂದೆಯೇ ನಮ್ಮ ಯುವಕ. ಡಾಂಬರನ್ನು ಬಿಟ್ಟು, ಅಂಚಿನ ಮೆತ್ತನೆಯ ಮಣ್ಣಿನಲ್ಲಿ, ಹಗುರಾದ ಹೆಜ್ಜೆ ಇಡುತ್ತಿದ್ದ. ಮಣ್ಣು ಮೆತ್ತಗಿದ್ದರೂ ಕಲ್ಲು ಮುಳ್ಳು ಬೆರೆತ ಅಂಚು ಅದು. ತಿಳಿದ ಓಟಗಾರ ಅಲ್ಲಿಗೆ ಇಳಿಯುವುದಿಲ್ಲ.

“ನೋಡಿ ಸಾರ್, ಟಾರು ಬುಟ್ಟು ಮಣ್ಣಾಗೆ ಓಡ್ತಾವ್ನೆ. ಮತ್ತೆ ದಾರಿ ತಪ್ಪುದ್ನಾ?” ಆಕೆ ಪಿಸುಗುಟ್ಟಿದರು.

“ಇಲ್ಲಮ್ಮ. ಮುಂದಿನವನಿಗೆ ಕೇಳಿಸಬಾರದು ಅಂತ.”

ಆಕೆ ಬಾಯಿಯ ಮೇಲೆ ಸೆರಗಿಟ್ಟುಕೊಂಡರು. ಮುದುಕರೂ ಕೆಮ್ಮನ್ನು ತಡೆದುಕೊಂಡರು. ತಿರುವಿನ ಹುಣಸೆಮರಗಳ ನೆರಳಿನಲ್ಲಿ ಇಬ್ಬರೂ ಮರೆಯಾದರು, ಅಂತರ ಒಂದು ತೋಳಿನಷ್ಟು.

ಕೊನೆಯ ಓಟಗಾರನೂ ದಾಟಿದ ಮೇಲೆ ಮಧುಗಿರಿಯ ಕಡೆಯಿಂದ ಜೀಪು ಬಂತು. ಚಾಲಕ ಇಳಿಯುವ ಮುನ್ನವೇ ಆಕೆ ಕೇಳಿದರು: “ಪಾವಗಡದೋನು ಎಷ್ಟನೇವ್ನು?”

“ಎರಡನೇವ್ನು. ಪಕ್ಕದಲ್ಲಿ ಬಂದಾಗ್ಲೇ ಇನ್ನೊಬ್ಬಂಗೆ ಗೊತ್ತಾಗಿದ್ದಂತೆ.”

ಆಕೆ ಉಳಿದ ನೀರನ್ನು ಒಂದು ಲೋಟಕ್ಕೆ ಬಗ್ಗಿಸಿ ನನ್ನ ಕಡೆ ಚಾಚಿದರು. ಮಂಡಿ ಊದಿಕೊಂಡ ಕಾಲನ್ನು ನೀಡಿ ಕಡಲೆಕಾಯಿ ಗುಡ್ಡೆಗೆ ಒರಗಿ ಕುಳಿತು, ಅದನ್ನು ನಿಧಾನವಾಗಿ ಕುಡಿದೆ.