ಚಪ್ಪಲಿ ನೋಡುವ ಮೆಕ್ಯಾನಿಕ್

ಬ್ರೇಕ್ ಹಿಡಿಯುತ್ತಿಲ್ಲ ಎಂದು ಯಾರೇ ಬರಲಿ, ಆವರಗೆರೆ ರಸ್ತೆಯ ಆ ಮೆಕ್ಯಾನಿಕ್ ಮೊದಲು ನೋಡುತ್ತಿದ್ದುದು ಅವರ ಚಪ್ಪಲಿಯನ್ನು. ಹಿಮ್ಮಡಿ ಸವೆದಿದ್ದರೆ, ಕಾಲನ್ನು ನೆಲಕ್ಕೆ ಉಜ್ಜಿ ಗಾಡಿ ನಿಲ್ಲಿಸುತ್ತಿದ್ದಾರೆ ಎಂದೇ ಅರ್ಥ. ನಿಟ್ಟುಸಿರಿಟ್ಟು ಚಕ್ರ ಬಿಚ್ಚಿ, ನುಣುಪಾಗಿ ಹೊಳೆಯುವ ಬ್ರೇಕ್ ಶೂಗಳನ್ನು ಉಪ್ಪುಕಾಗದದಿಂದ ತಿಕ್ಕುತ್ತ, "ಹೊಳಿಯೋದು ಹಿಡಿಯಲ್ಲ ನೋಡ್ರಿ" ಎನ್ನುತ್ತಿದ್ದರು. ಯಾವಾಗಲೂ ಅದೇ ಮಾತು, ಅದೇ ದಣಿದ ದನಿ.

ಒಂದು ಸಂಜೆ ಕುಕ್ಕುವಾಡದ ಗಂಡ ಹೆಂಡತಿ ಮೊಪೆಡ್ ತಂದರು. "ಹೋದ ಸಲದಂಗೆ ತಿಕ್ಕಿ ಕೊಡ್ರಿ, ಸಾಕು" ಎಂದ ಗಂಡ. ತಿಕ್ಕುತ್ತಿದ್ದ ಮೆಕ್ಯಾನಿಕ್ಕರ ಕಣ್ಣು ಹೆಂಡತಿಯ ಚಪ್ಪಲಿಯ ಮೇಲೆ ಬಿತ್ತು. ಅದೂ ಸವೆದಿತ್ತು.

"ಯಾಕಕ್ಕ, ಹಿಂದೆ ಕುಂತು ನೀವೂ ಕಾಲು ಉಜ್ತೀರೇನು?"

"ಹೂಂ ಅಣ್ಣ. ಇಳಿಜಾರಿನಾಗೆ ಇವರೊಬ್ರ ಕಾಲಿಗೆ ನಿಲ್ಲಲ್ಲ."

ಅವರು ಉಪ್ಪುಕಾಗದ ಕೆಳಗಿಟ್ಟು, ಮೊಪೆಡ್ಡಿನ ಕೀಲಿಯನ್ನು ಜೇಬಿಗೆ ಹಾಕಿಕೊಂಡರು.

"ಹೊಸ ಬ್ರೇಕ್ ಶೂ ಹಾಕಿಡ್ತೀನಿ. ಇವತ್ತು ಇಬ್ರೂ ಬಸ್ಸಿಗೆ ಹೋಗ್ರಿ."